ಗೋಣಿ ಸುತ್ತಿದ ಐಸ್

ಮಂಗಳವಾರ ಬೆಳಗ್ಗೆ ಏಳೂ ಇಪ್ಪತ್ತಕ್ಕೆ ದೋಣಿ ಮಾಲೀಕರ ಸಂಘದ ಅಧ್ಯಕ್ಷೆ ಬಂದರಿನ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದಾಗ ಆಕೆಯ ಬಟ್ಟೆಯಿಂದ ಮೂಗು ಸುಡುವ ವಾಸನೆ ಬರುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಕಾನ್‌ಸ್ಟೆಬಲ್ ತನಗರಿವಿಲ್ಲದೆ ಹಿಂದೆ ಸರಿದ. ಆಕೆಯ ಕಣ್ಣುಗಳು ಕೆಂಪಗಿದ್ದವು. ಅತ್ತು ಕೆಂಪಾದ ಕಣ್ಣುಗಳಲ್ಲ, ಅಮೋನಿಯ ತಾಗಿ ಕೆಂಪಾದವು.

"ಕೂತ್ಕೊಳ್ಳಿ," ಎಂದರು ಇನ್‌ಸ್ಪೆಕ್ಟರ್.

"ಕೂರೋಕೆ ಬಂದಿಲ್ಲ ಮೇಡಂ. ಬರ್ಕೊಳ್ಳಿ. ನಮ್ಮ ಹೊಸ ಐಸ್ ಕಾರ್ಖಾನೆಯಲ್ಲಿ ಗ್ಯಾಸ್ ಬಿಟ್ಟಿದ್ದಾರೆ. ನಮ್ಮ ಫಿಟ್ಟರ್ ಆಸ್ಪತ್ರೇಲಿದ್ದಾನೆ. ಉಳೀತಾನೋ ಇಲ್ವೋ ಗೊತ್ತಿಲ್ಲ."

"ಗ್ಯಾಸ್ ಬಿಟ್ಟಿದ್ದಾರೆ ಅಂದ್ರೆ? ಸೋರಿದ್ದಲ್ವಾ?"

"ತಾನಾಗಿ ಸೋರೋಕೆ ಅದೇನು ಹಳೇ ಕೊಡಪಾನವಾ? ನಿನ್ನೆ ತಾನೇ ಗ್ಯಾಸ್ ತುಂಬಿದ್ದು. ಇವತ್ತು ಹತ್ತು ಗಂಟೆಗೆ ಮೊದಲನೇ ಸಲ ಮಿಶಿನ್ ಶುರು ಮಾಡೋರಿದ್ವಿ."

"ಯಾರ ಮೇಲೆ ಅನುಮಾನ?"

"ಅನುಮಾನ ಏನು ಬಂತು. ಹಳೇ ಕಾರ್ಖಾನೆ ಧಣಿ. ಬರ್ಕೊಳ್ಳಿ, ಕೈ ಯಾಕೆ ನಿಲ್ಸಿದ್ರಿ?"

ಕೊನೆಯ ಮಾತು ಹೆಡ್ ಕಾನ್‌ಸ್ಟೆಬಲ್‌ಗೆ. ಇಪ್ಪತ್ತಾರು ವರ್ಷ ಅದೇ ಠಾಣೆಯಲ್ಲಿದ್ದ ಆತನ ಪೆನ್ನು ನಿಜವಾಗಿಯೂ ನಿಂತುಬಿಟ್ಟಿತ್ತು. ಊರಿಗೆಲ್ಲ ಇದ್ದದ್ದು ಒಂದೇ ಐಸ್ ಕಾರ್ಖಾನೆ. ಐಸ್ ತುಂಬಿಸಿಕೊಳ್ಳದೆ ಒಂದು ಬೋಟೂ ಕಡಲಿಗೆ ಇಳಿಯುವಂತಿಲ್ಲ. ಕಡಲಿಂದ ಬಂದ ಮೀನು ಐಸ್ ಇಲ್ಲದೆ ಸಂಜೆಯನ್ನು ಕಾಣುವುದಿಲ್ಲ. ಧಣಿಗೆ ಸಿಟ್ಟು ಬಂದರೆ ಯಾವ ಬೋಟು ಯಾವ ದಿನ ದಡದಲ್ಲೇ ಉಳಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಆ ಹಂಗು ಹರಿದುಕೊಳ್ಳಲೆಂದೇ ಸಂಘ ಮೂರು ವರ್ಷ ಒದ್ದಾಡಿ ಸ್ವಂತ ಕಾರ್ಖಾನೆ ಕಟ್ಟಿಸಿತ್ತು.

ಎಫ್‌ಐಆರ್ ದಾಖಲಾಯಿತು. ಜೀವಕ್ಕೆ ಅಪಾಯ ತರುವ ಕೃತ್ಯ, ಆಸ್ತಿ ಹಾನಿ. ಆರೋಪಿಯ ಜಾಗದಲ್ಲಿ ಇನ್‌ಸ್ಪೆಕ್ಟರ್ ಧಣಿಯ ಹೆಸರು ಬರೆಸಲಿಲ್ಲ. "ಅಪರಿಚಿತ ವ್ಯಕ್ತಿ" ಎಂದು ಬರೆಸಿ, ದೂರುದಾರರ ಅನುಮಾನವನ್ನು ಬೇರೆ ಸಾಲಿನಲ್ಲಿ ಸೇರಿಸಿದರು.

ಅಧ್ಯಕ್ಷೆ ಅದನ್ನು ಓದಿ ಸಹಿ ಹಾಕಿದರು. ಹೊರಡುವಾಗ ತಿರುಗಿ, "ನಿಮ್ಮ ಜೀಪು ಓಡೋದು ನಮ್ಮ ಸಂಘದ ಬಂಕಿನ ಡೀಸೆಲ್‌ನಲ್ಲಿ ಮೇಡಂ. ಬೇಗ ಓಡಿಸಿ," ಎಂದರು.

*

ಹೊಸ ಕಾರ್ಖಾನೆ ಬೋಟುಗಳು ಬಂದು ನಿಲ್ಲುವ ಧಕ್ಕೆಯ ಉತ್ತರದ ತುದಿಯಲ್ಲಿತ್ತು. ಬಣ್ಣದ ವಾಸನೆ ಇನ್ನೂ ಆರದ ಗೋಡೆಗಳು. ಅಗ್ನಿಶಾಮಕ ದಳದವರು ಒಂದು ಗಂಟೆ ನೀರು ಹಾರಿಸಿ ಒಳಗೆ ಹೋಗಬಹುದೆಂದು ಹೇಳಿದ ಮೇಲೆ ಎಂಟೂ ಮುಕ್ಕಾಲಿಗೆ ಪಂಚನಾಮೆ ಶುರುವಾಯಿತು. ಪಂಚರಾಗಿ ಪಕ್ಕದ ಬಲೆ ಅಂಗಡಿಯವನೂ ಒಬ್ಬ ಲಾರಿ ಚಾಲಕನೂ ನಿಂತರು. ಇಬ್ಬರೂ ಒದ್ದೆ ಟವೆಲ್ಲನ್ನು ಮೂಗಿಗೆ ಒತ್ತಿಕೊಂಡಿದ್ದರು.

ಕಂಪ್ರೆಸರ್‌ನ ಹಿಂಬದಿ, ಗೋಡೆಗೆ ತಾಗಿಕೊಂಡು ಮೊಣಕಾಲೆತ್ತರದಲ್ಲಿ ಕೂರಿಸಿದ ಒಂದು ಉಕ್ಕಿನ ಪಾತ್ರೆ. ಮಿಶಿನ್ನಿನ ಎಣ್ಣೆ ಬಂದು ನಿಲ್ಲುವ ಜಾಗ ಅದು. ಅದರ ಅಡಿಯಲ್ಲಿ ಎಣ್ಣೆ ಬಸಿಯಲು ಒಂದು ನಲ್ಲಿ, ನಲ್ಲಿಗೆ ಗೇಣುದ್ದದ ಹಿಡಿ. ಹಿಡಿ ಅಡ್ಡಲಾಗಿದ್ದರೆ ಮುಚ್ಚಿದೆ ಎಂದರ್ಥ, ಕೆಳಗೆ ಜೋತರೆ ತೆರೆದಿದೆ ಎಂದರ್ಥ. ತೆರೆದೇ ಉಳಿದರೆ ಎಣ್ಣೆಯ ಹಿಂದೆಯೇ ಗ್ಯಾಸೂ ಹೊರಬರುತ್ತದೆ. ನಲ್ಲಿಯ ಬಾಯಿಗೆ ತಿರುಪಿನ ಬಿರಡೆ ಇರಬೇಕಿತ್ತು. ಇರಲಿಲ್ಲ. ಅದು ಎರಡು ಮಾರು ದೂರದಲ್ಲಿ, ಹತ್ತಿಬಟ್ಟೆಯ ಚೂರುಗಳ ನಡುವೆ ಸಿಕ್ಕಿತು. ನಲ್ಲಿ ಈಗ ಮುಚ್ಚಿತ್ತು. ಬೆಳಗ್ಗೆ ಬಾಗಿಲು ತೆಗೆದ ಫಿಟ್ಟರ್ ಹೊರಗೆ ಓಡುವ ಬದಲು ಒಳಗೆ ಓಡಿ ಅದನ್ನು ಮುಚ್ಚಿದ್ದ. ಮುಚ್ಚಿ ಹೊರಬರುವಷ್ಟರಲ್ಲಿ ಕಣ್ಣು, ಗಂಟಲು ಬೆಂದಿದ್ದವು.

"ಮೇಡಂ, ಇಲ್ನೋಡಿ," ಎಂದ ಹೆಡ್ ಕಾನ್‌ಸ್ಟೆಬಲ್.

ನಲ್ಲಿಯ ಹಿಡಿಯಲ್ಲಿ ಗಂಟು ಉಳಿದು, ಫಿಟ್ಟರ್ ಎಳೆದ ರಭಸಕ್ಕೆ ಹರಿದುಬಿದ್ದ ಒಂದು ನೈಲಾನ್ ದಾರ. ದಾರದ ತುದಿಯಲ್ಲಿ ಬಲೆಗೆ ಕಟ್ಟುವ ಸೀಸದ ಗುಂಡುಗಳು, ನಾಲ್ಕೈದು ಒಟ್ಟಿಗೆ. ಅದರ ಕೆಳಗೆ ನೆಲದ ಮೇಲೆ ಚಪ್ಪಟೆಯಾಗಿ ಬಿದ್ದ ಒಂದು ಗೋಣಿಚೀಲ. ಅಗ್ನಿಶಾಮಕದವರ ನೀರು ಆ ಮೂಲೆಗೆ ಬಂದಿರಲಿಲ್ಲ, ಸುತ್ತಲಿನ ಸಿಮೆಂಟು ಒಣಗಿಯೇ ಇತ್ತು. ಗೋಣಿ ಮಾತ್ರ ಹಿಂಡಿದರೆ ನೀರು ಸುರಿಯುವಷ್ಟು ಒದ್ದೆ.

ಇನ್‌ಸ್ಪೆಕ್ಟರ್ ಕುಕ್ಕರುಗಾಲಲ್ಲಿ ಕೂತು ಗೋಣಿಯ ಮೇಲೆ ಅಂಗೈ ಇಟ್ಟರು. ತಣ್ಣಗಿತ್ತು. ಮಡಿಕೆಯೊಳಗೆ ಬೆರಳು ತೂರಿಸಿದಾಗ ಹುಣಿಸೆಬೀಜದಷ್ಟು ಗಟ್ಟಿಯಾದದ್ದೊಂದು ತಾಗಿ, ಹೊರತೆಗೆಯುವಷ್ಟರಲ್ಲಿ ಕರಗಿಹೋಯಿತು.

"ಈ ಕಾರ್ಖಾನೆಯಲ್ಲಿ ಇನ್ನೂ ಐಸೇ ಆಗಿಲ್ಲ," ಎಂದರು ಅವರು.

ಹೆಡ್ ಕಾನ್‌ಸ್ಟೆಬಲ್ ದಾರದ ಕಡೆ ಬೆರಳು ತೋರಿಸಿ ಹೇಳಿದ. "ಹಿಡಿ ಕೆಳಗೆ ಗೋಣಿ ಸುತ್ತಿದ ಐಸ್ ಗಡ್ಡೆ ಇಟ್ಟು, ಹಿಡಿಗೆ ಭಾರ ಕಟ್ಟಿ ಹೋಗಿದ್ದಾನೆ. ಗಡ್ಡೆ ಕರಗಿದ ಹಾಗೆ ಹಿಡಿ ಇಳಿಯುತ್ತೆ. ಗ್ಯಾಸ್ ಹೊರಗೆ ಬರೋ ಹೊತ್ತಿಗೆ ಅವನು ಬೇರೆ ಎಲ್ಲೋ ನಾಲ್ಕು ಜನರ ಮಧ್ಯೆ ಕೂತಿರ್ತಾನೆ."

"ನಿನ್ನೆ ಸಂಜೆ ಒಳಗೆ ಯಾರ್ಯಾರಿದ್ರು?"

ಬೀಗಕ್ಕೆ ಎರಡು ಕೀಲಿ, ಒಂದು ಅಧ್ಯಕ್ಷೆಯ ಬಳಿ, ಇನ್ನೊಂದು ಫಿಟ್ಟರ್ ಬಳಿ. ಸಂಜೆ ಸಂಘದ ಸದಸ್ಯರು ಮಿಶಿನ್ ನೋಡಲು ಬಂದಿದ್ದರು. ಇಪ್ಪತ್ತೈದು ಮೂವತ್ತು ಜನ. ಆರಕ್ಕೆ ಎಲ್ಲರನ್ನೂ ಕಳಿಸಿ ಅಧ್ಯಕ್ಷೆಯೇ ಬೀಗ ಹಾಕಿದ್ದರು. ಧಣಿಯಾಗಲಿ ಅವನ ಕೆಲಸದವರಾಗಲಿ ಆ ಹೊತ್ತಿನಲ್ಲಿ ಅತ್ತ ಸುಳಿದಿರಲಿಲ್ಲ.

ಗೋಣಿ, ದಾರ, ಗುಂಡುಗಳು, ಬಿರಡೆ, ಎಲ್ಲವನ್ನೂ ಜಪ್ತಿ ಮಾಡಿ ಮೊಹರು ಹಾಕಲಾಯಿತು.

*

ಹಳೇ ಕಾರ್ಖಾನೆಯ ಧಣಿ ಪೊಲೀಸರನ್ನು ಕಾರ್ಖಾನೆಗೆ ತಾಗಿದ ಮನೆಯ ಜಗಲಿಯಲ್ಲೇ ನಿಲ್ಲಿಸಿ ಮಾತಾಡಿದ. ದಪ್ಪ ಕುತ್ತಿಗೆಯ, ನಿದ್ದೆಗೆಟ್ಟ ಮನುಷ್ಯ. ಒಳಗಿನಿಂದ ಮಿಶಿನ್ನಿನ ಸದ್ದು ನೆಲದ ಮೂಲಕ ಅಂಗಾಲಿಗೆ ತಾಗುತ್ತಿತ್ತು.

"ನಿನ್ನೆ ಸಂಜೆಯಿಂದ ಬೆಳಗಿನವರೆಗೆ ಎಲ್ಲಿದ್ರಿ?"

"ಇಲ್ಲೇ. ಎರಡನೇ ಟ್ಯಾಂಕಿನ ಪಂಪು ಕೆಟ್ಟಿತ್ತು. ಆರು ಜನ ಆಳುಗಳ ಜೊತೆ ಬೆಳಗಿನವರೆಗೂ ಅದರಲ್ಲೇ ಬಿದ್ದಿದ್ದೆ. ಕೇಳಿ ಬೇಕಾದ್ರೆ."

"ಹೊಸ ಕಾರ್ಖಾನೆ ಶುರುವಾದ್ರೆ ನಿಮಗೆ ನಷ್ಟ ಅಲ್ವಾ?"

"ನಷ್ಟ ಅಲ್ಲ ಮೇಡಂ, ನಾಶ." ಧಣಿ ಬಾಗಿಲ ಚೌಕಟ್ಟಿಗೆ ಒರಗಿದ. "ಮೊದಲು ನಾನು ಹೋಟೆಲಿಗೆ ಕೊಡ್ತಿದ್ದೆ, ಹಾಲಿನ ಡೇರಿಗೆ ಕೊಡ್ತಿದ್ದೆ. ಇದೇ ಸಂಘದವರು ಬಂದು, ನಮಗೇ ಸಾಲಲ್ಲ, ಎಲ್ಲಾ ನಮಗೇ ಕೊಡು ಅಂದ್ರು. ಅವರಿಗೋಸ್ಕರ ಟ್ಯಾಂಕು ಎರಡರಷ್ಟು ಮಾಡಿದೆ. ಉಳಿದವರನ್ನೆಲ್ಲಾ ಬಿಟ್ಟೆ. ಈಗ ಅವರು ಬೇಡ ಅಂದ್ರೆ ಈ ಐಸನ್ನ ಯಾರ ತಲೆ ಮೇಲೆ ಇಡ್ಲಿ? ಸಂಘದ ಜುಟ್ಟು ನನ್ನ ಕೈಲಿದೆ ಅಂತ ಊರೆಲ್ಲಾ ಹೇಳುತ್ತೆ. ನನ್ನ ಜುಟ್ಟು ಯಾರ ಕೈಲಿದೆ ಅಂತ ಯಾರೂ ಕೇಳಲ್ಲ."

"ಹಾಗಾದ್ರೆ ಕಾರಣ ಇದೆ."

"ಕಾರಣ ಇದೆ ಅಂತ ಕಳ್ಳ ಆಗ್ಬಿಡ್ತೀನಾ? ಮಾಡಿದ್ರೆ ಮೊದಲು ನನ್ನ ಮನೆಗೇ ಬರ್ತೀರಿ ಅಂತ ಗೊತ್ತಿಲ್ಲದಷ್ಟು ದಡ್ಡನಾ ನಾನು?"

ಒಳಗಿನಿಂದ ಒಬ್ಬ ಹೆಂಗಸು ನೀರಿನ ಲೋಟಗಳನ್ನು ತಂದಿಟ್ಟಳು. ಧಣಿಯ ಹೆಂಡತಿ. ಮೂವತ್ತರ ಆಸುಪಾಸು. ತಟ್ಟೆ ಇಡುವಾಗ ಸದ್ದಾಗದಂತೆ ಇಡುವ ಅಭ್ಯಾಸವಾಗಿತ್ತು. ಜಗಲಿಯ ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಧಣಿಯ ತಾಯಿ ಅಲ್ಲಿಂದಲೇ ಹೇಳಿದರು.

"ಇವಳ ಅಣ್ಣಾನೇ ಅಲ್ವೇನಮ್ಮ ಸಂಘದಲ್ಲಿ ಐಸ್ ನೋಡ್ಕೊಳ್ಳೋನು. ಸಂಘ ಕೈ ತಪ್ಪಬಾರದು ಅಂತ ಆ ಮನೆಯಿಂದ ಹೆಣ್ಣು ತಂದ್ವಿ. ಈಗ ಸಂಘವೂ ಹೋಯ್ತು. ಉಳಿದಿದ್ದೇನು, ನೋಡಿ."

ಹೆಂಡತಿ ಖಾಲಿ ತಟ್ಟೆಯನ್ನು ಎದೆಗೊತ್ತಿಕೊಂಡು ಒಳಗೆ ಹೋದಳು. ಧಣಿ ಅವ್ವನ ಮಾತು ಕೇಳಿಸದವನಂತೆ ರಸ್ತೆಯತ್ತ ನೋಡಿದ.

"ನನ್ನನ್ನ ಕಳ್ಳ ಅಂದವರಿಗೆ ಒಂದು ಗಡ್ಡೆ ಐಸೂ ಇಲ್ಲ ಮೇಡಂ. ದೂರು ವಾಪಸ್ ತಗೊಳ್ಳೋವರೆಗೆ ಗೇಟು ಹಾಕಿರ್ತೀನಿ. ಬಲವಂತ ಮಾಡೋಕೆ ನಿಮಗೂ ಅಧಿಕಾರ ಇಲ್ಲ. ಇನ್ನೊಂದು ಮಾತು, ನಿಮ್ಮ ಶವಾಗಾರಕ್ಕೂ ಐಸ್ ಹೋಗೋದು ಇಲ್ಲಿಂದಾನೇ."

ಜೀಪಿನಲ್ಲಿ ಕೂತ ಮೇಲೆ ಹೆಡ್ ಕಾನ್‌ಸ್ಟೆಬಲ್ ಗಲ್ಲ ಕೆರೆದುಕೊಂಡ. "ನಮ್ಮ ಕತೆ ನೋಡಿ ಮೇಡಂ. ಬದುಕಿರೋವರೆಗೆ ಸಂಘದ ಹಂಗು, ಸತ್ತ ಮೇಲೆ ಧಣಿಯ ಹಂಗು."

ಇನ್‌ಸ್ಪೆಕ್ಟರ್ ನಗಲಿಲ್ಲ. "ಆ ಅಣ್ಣ ಯಾರು?"

"ಐಸ್ ಮಾವ. ಊರಿಗೆಲ್ಲಾ ಮಾವ. ಯಾವ ಬೋಟಿಗೆ ಯಾವಾಗ ಎಷ್ಟು ಐಸ್ ಅಂತ ಸಂಘದ ಕಡೆಯಿಂದ ಹೇಳೋನು ಅವನೇ. ಧಣಿ ಬೇರೆ ಯಾರ ಮಾತೂ ಕೇಳಲ್ಲ. ಹೆಂಡತಿಯ ಅಣ್ಣ ನೋಡಿ, ಅವನು ಬಂದು ಕೇಳಿದ್ರೆ ಇಲ್ಲ ಅನ್ನಲ್ಲ. ಒಳ್ಳೇ ಮನುಷ್ಯ. ಫಿಟ್ಟರ್‌ನ ಕೆಲಸಕ್ಕೆ ಸೇರಿಸಿದ್ದೂ ಅವನೇ."

*

ಮಧ್ಯಾಹ್ನದ ಹೊತ್ತಿಗೆ ಕಡಲಿಗೆ ಹೋಗಿದ್ದ ಬೋಟುಗಳು ಒಂದೊಂದಾಗಿ ಬಂದವು. ಹೊಟ್ಟೆ ತುಂಬ ಮೀನು. ಧಕ್ಕೆಯಲ್ಲಿ ಐಸ್ ಇಲ್ಲ. ಬಿಸಿಲಿಗೆ ಹಲಗೆಗಳು ಸಿಡಿಯುತ್ತಿದ್ದವು. ಮೀನು ಒಪ್ಪ ಮಾಡುವ ಹೆಂಗಸರು ಬುಟ್ಟಿಗಳ ಮೇಲೆ ಒದ್ದೆ ಬಟ್ಟೆ ಹೊದಿಸಿ, ಅದು ಒಣಗಿದ ಹಾಗೆ ಮತ್ತೆ ನೀರು ಚಿಮುಕಿಸಿ, ಧಣಿಯ ಮನೆಯ ದಿಕ್ಕಿಗೆ ಬೈಯುತ್ತಿದ್ದರು. ಒಂದೂವರೆಗೆ ಐವತ್ತು ಜನ ಹಳೇ ಕಾರ್ಖಾನೆಯ ಗೇಟಿನ ಮುಂದೆ ಸೇರಿದರು. ಎರಡು ಗಂಟೆಗೆ ಇನ್ನೂರಾದರು. ಯಾರೋ ಲಂಗರು ಎಳೆಯುವ ಸರಪಳಿಯನ್ನು ಗೇಟಿನ ಸರಳಿಗೆ ಸುತ್ತುತ್ತಿದ್ದ. ಒಳಗೆ ಧಣಿಯ ಆಳುಗಳು ಐಸ್ ಎತ್ತುವ ಕಬ್ಬಿಣದ ಕೊಕ್ಕೆಗಳನ್ನು ಹಿಡಿದು ನಿಂತಿದ್ದರು.

ಇನ್‌ಸ್ಪೆಕ್ಟರ್ ಬಳಿ ಒಂಬತ್ತು ಮಂದಿ ಪೊಲೀಸರಿದ್ದರು. ಗೇಟಿಗೆ ಬೆನ್ನು ಕೊಟ್ಟು ನಿಂತರು.

"ಸರಪಳಿ ಬಿಚ್ಚು."

"ಮೀನು ಕೊಳೀತಿದೆ ಮೇಡಂ!"

"ಆ ಗೇಟಿನೊಳಗೂ ನೀವು ನಿನ್ನೆ ತುಂಬಿಸಿದಂಥ ಗ್ಯಾಸೇ ಇರೋದು. ಹತ್ತು ಪಟ್ಟು. ಎಳೀತೀಯಾ? ಎಳಿ."

ಸರಪಳಿ ಹಿಡಿದವನ ಕೈ ಸಡಿಲವಾಯಿತು. ಆದರೆ ಬಿಚ್ಚಲಿಲ್ಲ. ಅಷ್ಟರಲ್ಲಿ ಮೇಲಧಿಕಾರಿಯ ಫೋನು ಬಂತು.

"ಸಂಜೆಯೊಳಗೆ ಯಾರನ್ನಾದ್ರೂ ಒಳಗೆ ಹಾಕು. ಜನ ತಣ್ಣಗಾಗ್ಲಿ."

"ಯಾರನ್ನಾದ್ರೂ ಅಂದ್ರೆ ಯಾರನ್ನ ಸರ್?"

ಆ ಕಡೆಯಿಂದ ಫೋನು ಇಟ್ಟ ಸದ್ದು ಬಂತು.

ಆ ಹೊತ್ತಿಗೆ ಗುಂಪು ತಾನಾಗಿ ಸೀಳಿ ದಾರಿ ಬಿಟ್ಟಿತು. ತೆಳ್ಳನೆಯ, ನರೆತ ಮೀಸೆಯ ಮನುಷ್ಯನೊಬ್ಬ ನಡೆದು ಬಂದ. ಐವತ್ತರ ಪ್ರಾಯ. ಹೆಗಲ ಮೇಲೆ ಟವೆಲ್ಲು. "ಮಾವ ಬಂದ್ರು, ಮಾವ ಬಂದ್ರು" ಎಂಬ ಮಾತು ಹಿಂದಕ್ಕೆ ಹಿಂದಕ್ಕೆ ಹರಿಯಿತು. ಅಧ್ಯಕ್ಷೆಯೇ ಮುಂದೆ ಬಂದು ಅವನ ಕೈ ಹಿಡಿದರು. "ಮಾವ, ನೀವೇ ಒಂದು ಮಾತು ಹೇಳಿ. ನಿಮ್ಮ ಮಾತು ಮೀರಲ್ಲ ಅವನು."

ಐಸ್ ಮಾವ ಇನ್‌ಸ್ಪೆಕ್ಟರ್ ಕಡೆ ಕೈ ಮುಗಿದ. "ನನ್ನನ್ನ ಒಬ್ಬನ್ನೇ ಒಳಗೆ ಬಿಡಿ ತಾಯಿ. ಭಾವನ್ನ ಒಪ್ಪಿಸ್ತೀನಿ."

ಗೇಟಿನ ಸಣ್ಣ ಬಾಗಿಲು ತೆರೆದು ಮುಚ್ಚಿತು. ಹೊರಗೆ ಇನ್ನೂರು ಜನ ಕಾದು ನಿಂತಿದ್ದರು. ಕೊನೆಗೂ ಹೊರಬಂದವನು ಹೇಳಿದ್ದು ಒಂದೇ ಮಾತು. "ಲಾರಿ ತನ್ನಿ. ಬಂದ ಬೋಟುಗಳಿಗಷ್ಟೇ, ಇವತ್ತಿಗೆ."

ಜನ ಅವನನ್ನು ಎತ್ತಿಕೊಳ್ಳುವುದೊಂದು ಬಾಕಿ.

*

ಇನ್‌ಸ್ಪೆಕ್ಟರ್ ಅಲ್ಲಿ ಆರು ಜನರನ್ನು ಬಿಟ್ಟು ಆಸ್ಪತ್ರೆಗೆ ಹೋದರು. ಫಿಟ್ಟರ್‌ನ ಎರಡು ಕಣ್ಣಿಗೂ ಬಟ್ಟೆ ಕಟ್ಟಿದ್ದರು, ಗಂಟಲಲ್ಲಿ ನಳಿಗೆ. ಜೀವಕ್ಕೆ ಅಪಾಯವಿಲ್ಲ, ಒಂದು ಕಣ್ಣಿನ ಮಾತು ಹೇಳಲಾಗದು ಎಂದರು ಡಾಕ್ಟರು. ಹೊರಗಿನ ಬೆಂಚಿನಲ್ಲಿ ಅವನ ಹೆಂಡತಿ ಕೂತಿದ್ದಳು. ಪಕ್ಕದಲ್ಲಿ ಯಾರೋ ತಂದಿಟ್ಟ ಚಹಾ ಕೆನೆಗಟ್ಟಿತ್ತು.

"ಅಷ್ಟು ಬೇಗ ಯಾಕೆ ಹೋದ್ರಮ್ಮಾ?"

"ಅವರಿಗೆ ನಿದ್ದೆಯೇ ಬರಲಿಲ್ಲ. ಮದುವೆ ಗಂಡಿನ ಹಾಗೆ ಐದಕ್ಕೇ ಎದ್ದು ಸ್ನಾನ ಮಾಡಿದ್ರು. ಮೊದಲನೇ ಸಲ ಮಿಶಿನ್ ತಿರುಗೋದು ಅಂತ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಇಷ್ಟಕ್ಕೇ ಹೋಯ್ತಲ್ಲ ಅಂದ್ಕೋಬೇಕು. ರಾತ್ರಿ ಅಲ್ಲೇ ಮಲಗ್ತೀನಿ ಅಂತ ಹಾಸಿಗೆ ಸುತ್ತಿ ಇಟ್ಟಿದ್ರು. ಆ ಮುಚ್ಚಿದ ರೂಮಲ್ಲಿ ನಿದ್ದೇಲಿ ಇದ್ದಿದ್ರೆ ಹೆಣಾನೇ ಬರ್ತಿತ್ತು. ಮಾವನೇ ತಡೆದಿದ್ದು. ಅವರ ಉಪಕಾರ ಏಳು ಜನ್ಮಕ್ಕೂ ತೀರಲ್ಲ."

"ಯಾವ ಮಾವ?"

"ಐಸ್ ಮಾವ. ರಾತ್ರಿ ಊಟದ ಹೊತ್ತಿಗೆ ಫೋನ್ ಮಾಡಿದ್ರು. ಇವರು ಅಲ್ಲೇ ಮಲಗ್ತೀನಿ ಅಂದಿದ್ದಕ್ಕೆ ಬೈದ್ರು. ಬೇಡ ಅಂದ್ರೆ ಬೇಡ, ಮನೇಲೇ ಇರು, ನನ್ನಾಣೆ ಅಂದ್ರು. ನನ್ನ ಕೈಗೂ ಫೋನ್ ಕೊಡಿಸಿ, ಅವನನ್ನ ರಾತ್ರಿ ಹೊರಗೆ ಬಿಡಬೇಡಮ್ಮಾ ಅಂದ್ರು. ದೇವರೇ ಅವರ ಬಾಯಲ್ಲಿ ಹೇಳಿಸಿದ್ದು."

ಪಕ್ಕದಲ್ಲಿ ನಿಂತಿದ್ದ ಹೆಡ್ ಕಾನ್‌ಸ್ಟೆಬಲ್ ಕಿಟಕಿಯ ಕಡೆಗೆ ಮುಖ ತಿರುಗಿಸಿದ. ಮೆಟ್ಟಿಲು ಇಳಿಯುವಾಗ ಮಾತ್ರ ಕೇಳಿದ. "ರಾತ್ರಿ ಅಂತಲೇ ಯಾಕಂದ ಮೇಡಂ? ಆಗಿದ್ದು ಬೆಳಗ್ಗೆ ಅಲ್ವಾ?"

"ಬೆಳಗ್ಗೆ ಆಗ್ಬೇಕು ಅಂತ ಇಟ್ಟಿದ್ದಲ್ಲ ಅದು. ಗೋಣಿ ಸುತ್ತಿದ್ರಿಂದ ತಡ ಆಯ್ತು."

ಅಧ್ಯಕ್ಷೆಯನ್ನು ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ, ನಿನ್ನೆ ಸಂಜೆ ಒಳಗೆ ಐಸ್ ತಂದಿದ್ದವರು ಯಾರು. "ಐಸಾ? ಹೌದು, ಕುಡಿಯೋ ನೀರಿನ ಡ್ರಮ್ಮಿಗೆ ಮಾವ ತಂದಿದ್ರು. ನಾವೆಲ್ಲಾ ನಕ್ಕಿದ್ದೇ ನಕ್ಕಿದ್ದು, ಹೊಸ ಕಾರ್ಖಾನೆಗೆ ಹಳೇ ಕಾರ್ಖಾನೆಯ ಐಸು ಅಂತ. ಯಾಕೆ ಮೇಡಂ?"

"ಎಷ್ಟು ಗೋಣಿ?"

"ಡ್ರಮ್ಮಿಗೆ ಒಂದು ಗೋಣೀದು ಹಾಕಿದ್ರು."

ಹಳೇ ಕಾರ್ಖಾನೆಯ ಹಿಂಬಾಗಿಲಲ್ಲಿ ಗಡ್ಡೆಗಳನ್ನು ಗರಗಸದಿಂದ ಕತ್ತರಿಸುವ ಆಳು ಹೇಳಿದ. "ನಿನ್ನೆ ಮೂರು ಮೂರೂವರೆಗೆ ಮಾವ ಒಂದು ಇಡೀ ಗಡ್ಡೆ ತಗೊಂಡ್ರು. ನಡುವೆ ಕೊಯ್ಸಿದ್ರು. ಎರಡು ಗೋಣೀಲಿ ಕಟ್ಟಿಕೊಟ್ಟೆ."

"ಎರಡಾ? ಸರಿಯಾಗಿ ನೆನಪು ಮಾಡ್ಕೋ."

"ಕಟ್ಟಿದ ಕೈ ನಂದೇ ಅಲ್ವಾ ಮೇಡಂ."

ಜಪ್ತಿಯಾದ ಗೋಣಿಯನ್ನು ಠಾಣೆಯಿಂದ ತರಿಸಿ ಪಂಚರ ಮುಂದೆ ತೋರಿಸಿದಾಗ ಅವನು ಬಾಯಂಚಿನ ಹೊಲಿಗೆಯನ್ನು ನೋಡಿ ತಲೆಯಾಡಿಸಿದ. ಹೇಳಿಕೆ ದಾಖಲಾಯಿತು.

*

ಮೂರೂವರೆ ಹೊತ್ತಿಗೆ ಇನ್‌ಸ್ಪೆಕ್ಟರ್ ಮತ್ತೆ ಧಕ್ಕೆಗೆ ಬಂದಾಗ ಐಸ್ ಮಾವ ಕಲ್ಲಿನ ಕಟ್ಟೆಯ ಮೇಲೆ ನಿಂತಿದ್ದ. ಕಾರ್ಖಾನೆಯಿಂದ ಲಾರಿಗಳು ಬರುತ್ತಿದ್ದವು. ಮಾವ ಬೆರಳು ತೋರಿಸಿದ ಬೋಟಿಗೆ ಗಡ್ಡೆ ಹೋಗುತ್ತಿತ್ತು. ಯಂತ್ರದಲ್ಲಿ ಐಸ್ ಪುಡಿಯಾಗುವ ಸದ್ದು, ಕೂಗಾಟ. "ಮಾವ, ನಮ್ಮದು!" "ಮಾವ, ಬೆಳಗಿನಿಂದ ಕಾಯ್ತಿದೀನಿ!" ಅವನು ಯಾರ ಮೇಲೂ ರೇಗಲಿಲ್ಲ. ಯಾರ ಮೀನು ಮೊದಲು ಕೆಡುತ್ತದೋ ಅವರಿಗೆ ಮೊದಲು ಕೊಡಿಸುತ್ತಿದ್ದ.

ಹೆಡ್ ಕಾನ್‌ಸ್ಟೆಬಲ್ ಸೊಂಟದ ಬೇಡಿಯ ಮೇಲೆ ಕೈಯಿಟ್ಟ. ಇನ್‌ಸ್ಪೆಕ್ಟರ್ ತಲೆಯಾಡಿಸಿ ಬೇಡವೆಂದರು.

"ಈಗ ಹಿಡಿದ್ರೆ ಧಣಿ ಗೇಟು ಹಾಕ್ತಾನೆ. ಅರ್ಧ ಬೋಟಿಗೂ ಐಸ್ ಬಂದಿಲ್ಲ. ಆಮೇಲೆ ಆ ಗೇಟು ನಮ್ಮ ಕೈಲಿ ಉಳಿಯಲ್ಲ."

"ಅಂದ್ರೆ ಕಾಯೋದಾ? ಕಳ್ಳನ ಕೆಲಸ ಮುಗಿಯೋವರೆಗೆ?"

"ನಮಗೂ ಅವನೇ ಬೇಕಾಗಿದ್ದಾನೆ, ಏನು ಮಾಡ್ತೀಯಾ."

ಬಲೆ ರಾಶಿಯ ಪಕ್ಕ ಇನ್‌ಸ್ಪೆಕ್ಟರ್ ನಿಂತರು. ಕಟ್ಟೆಯ ಎರಡೂ ಬದಿಗೆ ಇಬ್ಬಿಬ್ಬರು ಪೊಲೀಸರು. ಮಾವ ಒಮ್ಮೆ ಅವರ ಕಡೆ ನೋಡಿದ. ಮತ್ತೆ ಬೆರಳು ತೋರಿಸಿದ. ಸ್ವಲ್ಪ ಹೊತ್ತಿಗೆ ಮತ್ತೆ ನೋಡಿದ. ಇನ್‌ಸ್ಪೆಕ್ಟರ್ ನಿಂತಲ್ಲೇ ಇದ್ದರು. ಮೂರನೇ ಸಲ ನೋಡಿದಾಗ ಅವನ ತೋರುಬೆರಳು ಗಾಳಿಯಲ್ಲೇ ನಿಂತುಬಿಟ್ಟಿತು. ಕೆಳಗಿನವನು, "ಯಾರಿಗೆ ಮಾವ? ಯಾರಿಗೆ?" ಎಂದು ಕೂಗಿದ ಮೇಲೆ ಎಚ್ಚೆತ್ತವನಂತೆ ಒಂದು ಬೋಟಿನ ಕಡೆ ಕೈ ಮಾಡಿದ.

ಆಮೇಲಿನ ಲಾರಿಗಳನ್ನು ಅವನು ನಿಧಾನವಾಗಿ ಇಳಿಸಿದ. ಓಡಲು ನೋಡಲಿಲ್ಲ. ಒಂದು ಕಡೆ ನೀರು, ಮೂರು ಕಡೆ ಅವನನ್ನು ಮಾವ ಎಂದು ಕರೆಯುವ ಜನ. ಕೊನೆಯ ಬೋಟಿನ ಹೊಟ್ಟೆಗೆ ಕೊನೆಯ ಗಡ್ಡೆ ಜಾರಿದಾಗ ಐದೂ ಕಾಲು. ಜನ ಚದುರುತ್ತಿದ್ದರು. ಮಾವ ಟವೆಲ್ಲಿನಿಂದ ಮುಖ ಒರೆಸಿಕೊಂಡು ಕಟ್ಟೆಯಿಂದ ಇಳಿದು ತಾನೇ ನಡೆದು ಬಂದ.

"ತುಂಬಾ ಹೊತ್ತು ಬಿಸಿಲಲ್ಲಿ ನಿಂತ್ರಿ ತಾಯಿ."

"ಒಂದು ಮಾತು ಕೇಳ್ಬೇಕಿತ್ತು. ಅರ್ಧ ಗಡ್ಡೆ ಐಸ್ ಬರೀ ನೆಲದ ಮೇಲಿಟ್ರೆ ಎಷ್ಟು ಹೊತ್ತಿರುತ್ತೆ?"

"ಈ ಸೆಖೆಗೆ... ನಾಲ್ಕೈದು ಗಂಟೆ."

"ಗೋಣಿ ಸುತ್ತಿದ್ರೆ?"

ಮಾವ ಮೂವತ್ತು ವರ್ಷ ಐಸ್ ಮುಟ್ಟಿದ ಕೈಗಳನ್ನು ಟವೆಲ್ಲಿನೊಳಗೆ ಸುತ್ತಿಕೊಂಡ.

"ಗೋಣಿ ಬಿಚ್ಚಿ ಇಡ್ಬೇಕು ಅಂತಲೇ ಇದ್ದೆ," ಎಂದ ಕೊನೆಗೆ. "ಅಷ್ಟರಲ್ಲಿ ಫಿಟ್ಟರ್ ಬಂದ. ಏನು ಹುಡುಕ್ತಿದೀರಾ ಮಾವ ಅಂದ. ಏನಿಲ್ಲ ಕಣೋ ಅಂದು ಅವನ ಹೆಗಲ ಮೇಲೆ ಕೈ ಹಾಕ್ಕೊಂಡು ಆಚೆ ಬಂದೆ."

ದಸ್ತಗಿರಿ ಆಯಿತು. ಬೇಡಿ ಹಾಕುವ ಅಗತ್ಯ ಬೀಳಲಿಲ್ಲ.

*

ಠಾಣೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. ರಾತ್ರಿ ಹತ್ತು ಹನ್ನೊಂದು ಗಂಟೆಗೆ ನಲ್ಲಿ ತೆರೆದುಕೊಂಡು ಬೆಳಗಿನೊಳಗೆ ಗ್ಯಾಸ್ ಪೂರ್ತಿ ಖಾಲಿಯಾಗುತ್ತದೆ, ಒಳಗೆ ಯಾರೂ ಇರುವುದಿಲ್ಲ, ಬೆಳಗ್ಗೆ ಎಲ್ಲರ ಜೊತೆ ಒಳಗೆ ಹೋಗಿ ದಾರ, ಗೋಣಿ ತೆಗೆದುಬಿಡಬಹುದು, ಮಿಶಿನ್ನಿಗೆ ದೃಷ್ಟಿ ತಾಗಿತೆಂದೋ ಕೆಟ್ಟ ಮಾಲೆಂದೋ ಜನ ಅಂದುಕೊಳ್ಳುತ್ತಾರೆ, ಹೊಸ ಕಾರ್ಖಾನೆ ಇನ್ನಾರು ತಿಂಗಳು ಮುಂದಕ್ಕೆ ಹೋಗುತ್ತದೆ. ಅವನ ಲೆಕ್ಕ ಅಷ್ಟೇ.

"ನಿಮ್ಮ ಸಂಘದ್ದೇ ಕಾರ್ಖಾನೆ. ನಿಮ್ಮ ಕೆಲಸ ಹೋಗ್ತಿರ್ಲಿಲ್ಲ. ಯಾಕೆ?"

"ಹೋಗ್ತಿರ್ಲಿಲ್ಲ, ನಿಜ." ಮಾವ ಮೇಜಿನ ಅಂಚನ್ನು ನೋಡುತ್ತಿದ್ದ. "ಹೋದ ತಿಂಗಳು ತಂಗಿ ಮನೆಗೆ ಹೋಗಿದ್ದೆ. ಊಟಕ್ಕೆ ಕೂತ್ವಿ. ಮೊದಲೆಲ್ಲಾ ಅವಳನ್ನೂ ನಮ್ಮ ಜೊತೆಗೇ ಕೂರಿಸ್ತಿದ್ರು. ಅವತ್ತು ಅವಳು ಅಡುಗೆಮನೆ ನೆಲದ ಮೇಲೆ ಕೂತು ಉಣ್ತಿದ್ಲು. ಯಾಕಮ್ಮಾ ಅಂದೆ. ಸೆಖೆ ಅಣ್ಣಾ, ನೆಲ ತಣ್ಣಗಿದೆ ಅಂದ್ಲು." ಅವನು ಟವೆಲ್ಲನ್ನು ತೊಡೆಯ ಮೇಲೆ ಮಡಿಸಿಟ್ಟ. "ಸಂಘಕ್ಕೆ ಭಾವನ ಐಸ್ ಬೇಕಿರೋವರೆಗೆ ಭಾವನಿಗೆ ನಾನು ಬೇಕು. ನಾನು ಬೇಕಿರೋವರೆಗೆ ಆ ಮನೇಲಿ ಅವಳಿಗೆ ಒಂದು ಮಣೆ. ಅದೊಂದು ನಿಂತಿರ್ಲಿ ಅಂತ ಮಾಡ್ದೆ. ಫಿಟ್ಟರ್‌ನ ಕಣ್ಣು..."

ಹೆಡ್ ಕಾನ್‌ಸ್ಟೆಬಲ್ ಬರೆಯುವುದನ್ನು ಮುಗಿಸಿ, ದಸ್ತಗಿರಿಯ ವಿಷಯ ಯಾರಿಗೆ ತಿಳಿಸಬೇಕು ಎಂದು ಕೇಳಿದ. ಯಾರಿಗೂ ಬೇಡ ಎಂದ ಮಾವ. ನಿಯಮ, ಒಬ್ಬರಿಗಾದರೂ ತಿಳಿಸಲೇಬೇಕು ಎಂದಾಗ "ತಂಗಿಗೆ," ಎಂದ.

ಅವಳಿಗಿಂತ ಮೊದಲು ಬಂದವನು ಧಣಿ. ಅಧ್ಯಕ್ಷೆ ಅದಾಗಲೇ ಬೆಂಚಿನಲ್ಲಿ ಕೂತಿದ್ದರು. ಇಬ್ಬರೂ ಮೊದಲು ಮುಖ ತಿರುಗಿಸಿ ಕೂತರು. ಆಮೇಲೆ ಅಧ್ಯಕ್ಷೆ, ದೂರಿನಲ್ಲಿ ನಿಮ್ಮ ಹೆಸರು ಹೇಳಿದ್ದು ತಪ್ಪಾಯ್ತು ಎಂದರು. ಧಣಿ, ನಾಳೆಗೂ ಬೋಟುಗಳು ಇವೆಯಲ್ಲ ಎಂದ. ಹೊಸ ಕಾರ್ಖಾನೆಗೆ ಫಿಟ್ಟರ್ ಇಲ್ಲ, ಧಣಿಯ ಬಳಿ ಕೆಲಸ ಬಲ್ಲ ಆಳುಗಳಿದ್ದಾರೆ. ಧಣಿಗೆ ಕೊಳ್ಳುವವರಿಲ್ಲ, ಹೊಸ ಕಾರ್ಖಾನೆಯೊಂದರಿಂದಲೇ ಎಲ್ಲ ಬೋಟುಗಳಿಗೂ ಸಾಲದು. ಠಾಣೆಯ ಬೆಂಚಿನ ಮೇಲೆ, ಒಂದು ಲೋಟ ಚಹಾ ಕುಡಿದು ಮುಗಿಸುವಷ್ಟರಲ್ಲಿ ಇಬ್ಬರೂ ಬೋಟುಗಳಿಗೆ ಅರ್ಧ ಐಸ್ ಹಳೇ ಕಾರ್ಖಾನೆಯಿಂದ, ಅರ್ಧ ಹೊಸದರಿಂದ ಎಂದು ಒಪ್ಪಿಕೊಂಡರು. ನಡುವೆ ಯಾರೂ ಬೇಕಾಗಲಿಲ್ಲ. ಲಾಕಪ್ಪಿನಲ್ಲಿದ್ದವನ ಬಗ್ಗೆ ಇಬ್ಬರೂ ಕೇಳಲಿಲ್ಲ. ಹೊರಟುಹೋದರು.

ತಂಗಿ ಬಂದಾಗ ಏಳು ಗಂಟೆ. ಒಬ್ಬಳೇ ನಡೆದು ಬಂದಿದ್ದಳು. ಕೈಯಲ್ಲಿ ಒಂದು ಬಟ್ಟೆಯ ಚೀಲ, ತನ್ನ ಬಟ್ಟೆಗಳನ್ನೆಲ್ಲ ತುರುಕಿದ್ದು. ಇನ್‌ಸ್ಪೆಕ್ಟರ್ ಅವಳನ್ನು ಲಾಕಪ್ಪಿನ ತನಕ ಕರೆದೊಯ್ದು, ತಾವು ನಾಲ್ಕು ಹೆಜ್ಜೆ ಹಿಂದೆ ನಿಂತರು.

ಮಾವ ಸರಳುಗಳ ಹತ್ತಿರ ಬಂದ. ಚೀಲ ನೋಡಿದ. "ಏನಮ್ಮಾ ಇದು? ಮನೆ ಬಿಟ್ಟು ಬಂದ್ಯಾ? ನಿನಗೋಸ್ಕರ ನಾನು..."

"ನನ್ನನ್ನ ಒಂದು ಮಾತು ಕೇಳ್ಬಾರದಿತ್ತಾ ಅಣ್ಣಾ?" ಅವಳ ದನಿ ಏರಲಿಲ್ಲ. "ಎಂಟು ವರ್ಷದಿಂದ ದಿನಾ ಬಿಟ್ಟು ಬರೋಣ ಅನ್ನಿಸ್ತಿತ್ತು. ನಾನು ಬಂದ್ಬಿಟ್ರೆ ನಿನ್ನ ಭಾವ ನಿನಗೆ ಐಸ್ ಕೊಡಲ್ಲ, ಐಸ್ ತರೋಕಾಗದ ನಿನ್ನನ್ನ ಸಂಘದವರು ಇಟ್ಕೊಳಲ್ಲ ಅಂತ ಅಲ್ಲೇ ಬಿದ್ದಿದ್ದೆ. ಹೊಸ ಕಾರ್ಖಾನೆ ಆಯ್ತು ಅಂತ ಕೇಳಿದಾಗ ಎಷ್ಟು ಖುಷಿಯಾಗಿತ್ತು ಗೊತ್ತಾ ನನಗೆ."

ಮಾವ ಸರಳನ್ನು ಹಿಡಿದುಕೊಂಡೇ ನೆಲಕ್ಕೆ ಕುಸಿದು ಕೂತ. ತಂಗಿ ಚೀಲವನ್ನು ಪಕ್ಕಕ್ಕಿಟ್ಟು, ಈಚೆ ಕಡೆಯ ನೆಲದ ಮೇಲೆ ಅವನೆದುರು ಕೂತಳು.